ಹಬ್ಬದ ಚಂದ್ರನಿಗೆ ನನ್ನ ಸಾಕ್ಷಿ

ಒಳ್ಳೆಯ ಹೆಸರು ಸಂಪಾದಿಸುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಸಂಪಾದಿಸಿದ್ದನ್ನು ಹೊತ್ತುಕೊಂಡು ತಿರುಗುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಬೇಕು. ಗೋಣಿಬೀಡಿನಲ್ಲಿ ನನಗೆ ದೂರದೃಷ್ಟಿಯವನೆಂದು ಹೆಸರಿತ್ತು. ಬುದ್ಧಿಗೆ ಸಂಬಂಧಪಟ್ಟ ದೂರದೃಷ್ಟಿಯಲ್ಲ, ಬರೀ ಕಣ್ಣಿನದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಒಂದು ರಂಜಾನಿನ ಇಪ್ಪತ್ತೊಂಬತ್ತನೆಯ ಸಂಜೆ, ಎರಡು ಮೋಡಗಳ ನಡುವೆ ಉಗುರಿನ ತುಂಡಿನಷ್ಟು ಚಂದ್ರನನ್ನು ಎಲ್ಲರಿಗಿಂತ ಮೊದಲು ನಾನು ಕಂಡಿದ್ದೆ. ಅಂದಿನಿಂದ ಪ್ರತಿ ವರ್ಷ ಆ ಸಂಜೆ ಮಸೀದಿಯ ಹಿಂದಿನ ಗುಡ್ಡದ ಮೇಲೆ ನನ್ನನ್ನು ಮುಂದೆ ನಿಲ್ಲಿಸುವುದು ಊರಿನ ಪದ್ಧತಿಯಾಯಿತು. ನಾನೂ ಬೇಡವೆನ್ನಲಿಲ್ಲ.

ಆದರೆ ಕಣ್ಣಿಗೆ ನನ್ನ ಹೆಸರಿನ ಚಿಂತೆ ಇರಲಿಲ್ಲ. ನಲವತ್ತು ದಾಟುವಷ್ಟರಲ್ಲಿ ದೂರದ್ದೆಲ್ಲ ಕಲಸಿಹೋಗತೊಡಗಿತು. ನಾನು ಲೆಕ್ಕ ಬರೆಯುವ ರೈಟರಾಗಿದ್ದ ಕಾಫಿ ಎಸ್ಟೇಟಿನಲ್ಲಿ ಒಂದು ಬೆಳಿಗ್ಗೆ ದೊರೆ ನಿಂತಿದ್ದಾರೆಂದು ಬಗ್ಗಿ ಸಲಾಂ ಮಾಡಿದೆ. ಹತ್ತಿರ ಹೋದರೆ ಅದು ಕಡಿದುಳಿದ ಸಿಲ್ವರ್ ಮರದ ಮೋಟು. ಮೇಸ್ತ್ರಿ ನೋಡಿಬಿಟ್ಟಿದ್ದ. "ನೆರಳು ಕೊಟ್ಟ ಮರ ಮಾರಾಯ, ಒಂದು ಸಲಾಂ ಮಾಡಿದರೆ ತಪ್ಪೇನು?" ಎಂದೆ. ಅವನು ಬಹಳ ದಿನ ನನ್ನನ್ನು ದೊಡ್ಡ ಭಕ್ತನೆಂದು ತಿಳಿದಿದ್ದ. ಕನ್ನಡಕ ಹಾಕಿಕೊಂಡರೆ ಎಲ್ಲ ಸರಿಹೋಗುತ್ತಿತ್ತು, ಹೆಸರೊಂದು ಬಿಟ್ಟು.

ನಾನು ಹೇಳುತ್ತಿರುವ ರಂಜಾನು ಯುದ್ಧದ ಕಾಲದ್ದು, ಮಳೆಗಾಲದಲ್ಲೇ ಬಂದಿತ್ತು. ಸಕ್ಕರೆಗೆ ರೇಷನ್ನು. ನನ್ನ ಹೆಂಡತಿ ಜೈನಬಿ ಮೂರು ತಿಂಗಳು ನಮಗೆಲ್ಲ ಬೆಲ್ಲದ ಕಾಫಿ ಕುಡಿಸಿ, ಹಬ್ಬದ ಶಾವಿಗೆ ಪಾಯಸ ಶೀರ್ ಖುರ್ಮಾಕ್ಕೆಂದು ಸಕ್ಕರೆಯನ್ನು ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಅವಳೂ ನನ್ನ ಅಮ್ಮಿಯೂ ಉಪವಾಸದ ಹೊಟ್ಟೆಯಲ್ಲೇ ರವೆ ನಾದಿ, ಶಾವಿಗೆ ಹೊಸೆದು, ಬಿದಿರುಗಳದ ಮೇಲೆ ನೇತುಹಾಕಿದ್ದರು. ಮಳೆಯಲ್ಲಿ ಅದು ಒಣಗಬೇಕಲ್ಲ! ಬಿಸಿಲು ಇಣುಕಿದರೆ ಗಳಗಳು ಹಿತ್ತಲಿಗೆ, ಹನಿ ಬಿದ್ದರೆ ಒಲೆಯ ಮೇಲಕ್ಕೆ. ಹೀಗೆ ಆ ಶಾವಿಗೆ ದಿನಕ್ಕೆ ನಾಲ್ಕು ಸಲ ಪ್ರಯಾಣ ಮಾಡುತ್ತಿತ್ತು. ಅತ್ತ ದರ್ಜಿ ಹುಸೇನ್ ಭಾಯ್ ಊರಿನವರ ಜುಬ್ಬಾಗಳನ್ನೆಲ್ಲ ಒಪ್ಪಿಕೊಂಡು ಒಂದನ್ನೂ ಪೂರ್ತಿ ಹೊಲಿದಿರಲಿಲ್ಲ. ಇಪ್ಪತ್ತೊಂಬತ್ತರ ಬೆಳಿಗ್ಗೆ ಜೈನಬಿ, ಚಂದ್ರ ಇನ್ನೊಂದು ದಿನ ತಡವಾಗಿ ಬಂದರೆ ಶಾವಿಗೆ ಒಣಗುತ್ತಿತ್ತು ಎಂದಳು. ಅದು ನನ್ನ ಕೈಯಲ್ಲೇ ಇದೆಯೆಂಬಂತೆ ಕೇಳಿಸಿಕೊಂಡು ಎಸ್ಟೇಟಿಗೆ ಹೋದೆ.

ಸಂಜೆ ಮಳೆ ಬಿಟ್ಟಿತ್ತು. ಪಡುವಣದಲ್ಲಿ ಮೋಡ ಅಲ್ಲಲ್ಲಿ ಹರಿದಿತ್ತು. ಖರ್ಜೂರ ಬಾಯಿಗೆ ಹಾಕಿಕೊಂಡು, ಮಗ್ರಿಬ್ ನಮಾಜು ಮುಗಿಸಿ, ಇಪ್ಪತ್ತು ಜನ ಗುಡ್ಡ ಹತ್ತಿದೆವು. ಮಸೀದಿಯ ಇಮಾಮರನ್ನು ನಾವು ಹಜರತ್ರು ಎನ್ನುತ್ತೇವೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ನೋಡಿ ರೈಟರ್ ಸಾಹೇಬ್ರೇ" ಎಂದರು. ನೋಡಿದೆ. ಬೂದಿ ಬಣ್ಣದ ಕಂಬಳಿಯೊಂದು ಕಂಡಿತು. ಹುಬ್ಬಿಗೆ ಕೈ ಅಡ್ಡ ಹಿಡಿದು, ಎಡಕ್ಕೆ ವಾಲಿ, ದೊಡ್ಡ ಅತ್ತಿಮರದ ತಲೆಯ ಕಡೆ ಬಹಳ ಹೊತ್ತು ದಿಟ್ಟಿಸಿದೆ. ನಾನು ಎತ್ತ ನೋಡಿದೆನೋ ಇಪ್ಪತ್ತು ಜನವೂ ಅತ್ತಲೇ ನೋಡಿದರು. ಕಂಡಿತೆಂದು ಸುಳ್ಳು ಹೇಳುವಷ್ಟು ಕೆಟ್ಟವನಲ್ಲ ನಾನು. ಕಣ್ಣು ಹೋಗಿದೆ ಎನ್ನುವಷ್ಟು ಒಳ್ಳೆಯವನೂ ಅಲ್ಲ. ಕೊನೆಗೆ ಗಂಭೀರವಾಗಿ, "ಕಾಣಿಸಲಿಲ್ಲ" ಎಂದೆ. ಅಕ್ಷರಶಃ ನಿಜ! ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಹಾಗಾದರೆ ನಾಳೆಯೂ ರೋಜಾ, ಹಬ್ಬ ನಾಡಿದ್ದು ಎಂದರು ಹಜರತ್ರು. ಎಲ್ಲರೂ ಇಳಿದರು.

ಮನೆಗೆ ಬಂದರೆ ಅಂಗಳಕ್ಕೆ ನೀರು ಬಿದ್ದಿದೆ, ಅಮ್ಮಿ ಮದರಂಗಿ ಅರೆಯುತ್ತಿದ್ದಾರೆ, ಜೈನಬಿ ಬಾದಾಮಿ ನೆನೆಹಾಕುತ್ತಿದ್ದಾಳೆ. ಇದೇನು ಅವಸರ, ಹಬ್ಬ ನಾಡಿದ್ದಲ್ಲವೇ ಎಂದೆ. ಜೈನಬಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಶಾವಿಗೆಯ ಗಳ ಒಳಗೆ ತರಲು ಹಿತ್ತಲಿಗೆ ಹೋದಾಗ ಅತ್ತೆ ಸೊಸೆ ಇಬ್ಬರೂ ಚಂದ್ರನನ್ನು ಕಂಡು ದುವಾ ಮಾಡಿ ಬಂದಿದ್ದರಂತೆ. ಎಪ್ಪತ್ತು ವರ್ಷದ ಅಮ್ಮಿಗೂ ಕಂಡಿತ್ತು. ಎಲ್ಲಿ ಎಂದು ಕೇಳಿದೆ. ಅತ್ತಿಮರದ ಬಲಕ್ಕೆ ಎಂದರು.

ಹಬ್ಬದ ದಿನ ಉಪವಾಸವಿರುವುದು ನಮ್ಮಲ್ಲಿ ನಿಷಿದ್ಧ. ನನ್ನ ಒಂದು ಮಾತಿನಿಂದ ಇಡೀ ಜಮಾತು ನಾಳೆ ಉಪವಾಸವಿದ್ದು ಪಾಪ ಕಟ್ಟಿಕೊಳ್ಳುವುದರಲ್ಲಿತ್ತು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು, ನಿಜ. ಅಷ್ಟರ ಮಟ್ಟಿಗೆ ಯೋಚಿಸಿದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನಮ್ಮ ಮನೆಮಾತು ದಖನಿ. ಜೈನಬಿ ಅದರಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ನಿಮ್ಮ ಕಣ್ಣಿನ ಸಂಗತಿ ನನಗೆ ಎರಡು ವರ್ಷದಿಂದ ಗೊತ್ತು. ಹೋಗಿ ಹೇಳಿ ಬನ್ನಿ. ಶಾವಿಗೆ ಹಸಿಯಾದರೆ ಹಸಿಯಾಗಲಿ."

ರಾತ್ರಿಯ ಇಶಾ ನಮಾಜಿಗೆ ಮೊದಲೇ ಮಸೀದಿಗೆ ಓಡಿ, ಎಲ್ಲರ ಮುಂದೆ, ನನಗೆ ದೂರದ್ದು ಕಾಣಿಸುವುದಿಲ್ಲ, ಮನೆಯಲ್ಲಿ ಅಮ್ಮಿಗೂ ಜೈನಬಿಗೂ ಚಂದ್ರ ಕಂಡಿದೆ ಎಂದುಬಿಟ್ಟೆ. ಹಜರತ್ರು ಬೈಯಲಿಲ್ಲ. ಹೆಂಗಸರಿಬ್ಬರ ಸಾಕ್ಷಿಯ ಜೊತೆಗೆ ಒಬ್ಬ ಗಂಡಸಿನದೂ ಬೇಕು, ಯಾರಾದರೂ ಕಂಡಿದ್ದೀರಾ ಎಂದು ಕೇಳಿದರು. ಹುಸೇನ್ ಭಾಯ್ ಕಂಬದ ಹಿಂದಿನಿಂದ ಎದ್ದ. "ನಂಗೆ ಕಂಡಿತ್ತು ಹಜರತ್. ರೈಟರ್ ಸಾಹೇಬ್ರೇ ಇಲ್ಲ ಅಂದ್ಮೇಲೆ ನನ್ ಕಣ್ಣೇ ಸರಿ ಇಲ್ಲ ಅಂದ್ಕೊಂಡೆ" ಎಂದ. ಆಮೇಲೆ ತಲೆ ತಗ್ಗಿಸಿ, "ಜುಬ್ಬಾಗಳೂ ಬಾಕಿ ಇದ್ವು" ಎಂದು ಸೇರಿಸಿದ. ಹಜರತ್ರು ನಮ್ಮ ಜಗಲಿಗೆ ಬಂದು, ಪರದೆಯ ಆಚೆಯಿಂದ ಅಮ್ಮಿ ಮತ್ತು ಜೈನಬಿಯ ಮಾತು ಕೇಳಿ, ನಾಳೆ ಈದ್ ಎಂದು ಸಾರಿದರು.

ಮರುದಿನ ಬಡವರಿಗೆ ಫಿತ್ರಾದ ಗೋಧಿ ಹಂಚಿ, ಅತ್ತರು ಪೂಸಿಕೊಂಡು, ಈದ್ಗಾಕ್ಕೆ ಹೊರಟೆವು. ಊರಿನ ಗಂಡಸರಲ್ಲಿ ಅರ್ಧ ಜನದ ಜುಬ್ಬಾಗಳಿಗೆ ಗುಂಡಿಯಿರಲಿಲ್ಲ, ನನ್ನದಕ್ಕೆ ಒಂದು ತೋಳು ಮಾತ್ರ ಪೂರ್ತಿಯಾಗಿತ್ತು. ನಮಾಜಾದ ಮೇಲೆ ತಬ್ಬಿಕೊಂಡವರೆಲ್ಲ ನನ್ನ ಮುಖಕ್ಕೆ ಮುಖ ತಂದು, ತಾವು ಯಾರೆಂದು ಹೇಳಿ ತಬ್ಬಿದರು. ಹಸಿ ಶಾವಿಗೆ ಹಾಲಿನಲ್ಲಿ ಕರಗಿ ಮುದ್ದೆಯಾಗಿತ್ತು. ಮೇಸ್ತ್ರಿಯ ಮನೆಗೆ ಕಳಿಸಿದರೆ, ಈ ಸಲದ ಹಲ್ವ ಬಹಳ ಚೆನ್ನಾಗಿತ್ತೆಂದು ಬಟ್ಟಲು ವಾಪಸು ಬಂತು. ಜೈನಬಿ ಒಳಗೆ ಹೋಗಿ ಸ್ವಲ್ಪ ಅತ್ತಳು. ನನ್ನ ಹೆಸರು ಹೋದದ್ದಕ್ಕಿಂತ ಅದರಿಂದ ನನಗೆ ಹೆಚ್ಚು ನೋವಾಯಿತು.

ಈಗ ಚಂದ್ರನ ಕೆಲಸ ಅಧಿಕೃತವಾಗಿ ಜೈನಬಿಯದು. ಆ ಸಂಜೆ ಅವಳು ಹಿತ್ತಲಿನಲ್ಲಿ ನಿಲ್ಲುತ್ತಾಳೆ. ಚಂದ್ರ ಕಂಡರೆ ಬಿಳಿಯ ದುಪಟ್ಟಾ ಬೀಸುತ್ತಾಳೆ, ನಾವು ಗುಡ್ಡದ ಮೇಲಿಂದ ಅದನ್ನು ನೋಡಬೇಕು. ನಾನು ಚಿಕ್ಕಮಗಳೂರಿನಲ್ಲಿ ಕನ್ನಡಕ ಮಾಡಿಸಿಕೊಂಡಿದ್ದೇನೆ, ಆದರೆ ಹಬ್ಬದ ಬಟ್ಟೆಗೆ ಅದು ಒಪ್ಪುವುದಿಲ್ಲವೆಂದು ಪೆಟ್ಟಿಗೆಯಲ್ಲೇ ಇಟ್ಟಿರುತ್ತೇನೆ. ಈಗಲೂ ಎಲ್ಲರಿಗಿಂತ ಮುಂದೆ ನಿಂತು, ಹುಬ್ಬಿಗೆ ಕೈ ಹಿಡಿದು, ಹುಸೇನ್ ಭಾಯ್ ಮೆಲ್ಲಗೆ ನನ್ನ ಬೆನ್ನು ತಿವಿದ ಕೂಡಲೇ "ಬೀಸಿದಳು" ಎಂದು ಊರಿಗೆಲ್ಲ ಮೊದಲು ಕೂಗುವವನು ನಾನೇ.