ಹುಸೇನಪೀರನ ಕೈಗುಣ

ಪೋಸ್ಟ್ ಕಾರ್ಡಿನಲ್ಲಿ ಇದ್ದದ್ದು ಮೂರೇ ಸಾಲು. "ಬುಧವಾರ ಸಂಜೆ ಐದರ ಬಸ್ಸಿಗೆ ಗುಳೇದಗುಡ್ಡಕ್ಕೆ ಬರುತ್ತೇನೆ. ಸ್ವಲ್ಪ ಕೆಲಸವಿದೆ, ಬಂದ ಮೇಲೆ ಹೇಳುತ್ತೇನೆ. ಏಳರ ಬಸ್ಸಿಗೆ ಹೊರಡಬೇಕು." ಕೆಳಗೆ ರಾಚಪ್ಪನ ಸಹಿ. ಅವನು ತಾನು ಬಿಟ್ಟುಹೋದ ಯಂತ್ರವನ್ನು ನೋಡಲೇ ಬರುತ್ತಾನೆಂದು ಹೊಳಬಸಪ್ಪ ಮಾಸ್ತರರು ಓದಿದ ಕೂಡಲೇ ತೀರ್ಮಾನಿಸಿದರು.

ರಾಚಪ್ಪ ಅವರ ಹೆಂಡತಿ ಗುರುಸಿದ್ದವ್ವನ ಅಣ್ಣ, ಪುಣೆಯಲ್ಲಿ ಎಂಜಿನಿಯರ್. ಕಳೆದ ದೀಪಾವಳಿಗೆ ಬಂದವನು ಒಂದು ಕಂಪ್ಯೂಟರು ತಂದು ತಂಗಿಯ ಮನೆಯಲ್ಲಿ ಬಿಟ್ಟು ಹೋಗಿದ್ದ. ಶಾಲೆಯ ಪಾಟಿಗಿಂತ ತುಸು ದಪ್ಪಗಿನ ಕರಿ ಪೆಟ್ಟಿಗೆ, ಮೇಲೆ ಅಕ್ಷರದ ಗುಂಡಿಗಳು, ಬೆನ್ನಿಗೆ ಸಿಕ್ಕಿಸಿದ ಒಂದು ಸಣ್ಣ ಡಬ್ಬಿ. ಟಿ.ವಿ.ಗೆ ಜೋಡಿಸಿದರೆ ಬರೆದದ್ದೆಲ್ಲ ಪರದೆಯ ಮೇಲೆ ಮೂಡುತ್ತಿತ್ತು. "ಇದರ ನೆನಪೆಲ್ಲಾ ಈ ಡಬ್ಬ್ಯಾಗ ಇರ್ತೈತ್ರಿ ಮಾಸ್ತರ್ರ, ಅಲ್ಲಾಡಸಬ್ಯಾಡ್ರಿ" ಎಂದು ಎಚ್ಚರಿಸಿದ್ದ. ಅಂದಿನಿಂದ ಮಾಸ್ತರರು ಡಬ್ಬಿಯ ಕಡೆ ಮುಖ ಮಾಡಿ ಸೀನಿದವರೂ ಅಲ್ಲ. ಪಡಸಾಲೆಯ ನಡುಗೋಡೆಗೆ ಎದೆಯೆತ್ತರಕ್ಕೆ ಹಲಗೆ ಬಡಿಸಿ, ಟಿ.ವಿ.ಯನ್ನೂ ಕಂಪ್ಯೂಟರನ್ನೂ ಅದರ ಮೇಲೆ ದೇವರಂತೆ ಕೂರಿಸಿದ್ದರು.

ಹಬ್ಬದ ದಿನ ರಾಚಪ್ಪ ನಡೆಸಿ ತೋರಿಸಿದಾಗ ಅದು ಅಚ್ಚುಕಟ್ಟಾಗಿ ನಡೆದಿತ್ತು. ಈಗ ಮಾಸ್ತರರು ಹತ್ತೊಂಬತ್ತರ ಮಗ್ಗಿ ಹೇಳಿಸಲು ಕೂತರೆ ಶುರುವೇನೋ ಚಲೋ ಆಗುತ್ತಿತ್ತು. ಹತ್ತೊಂಬತ್ತೇಳಲೆಗೆ ಬರುವಷ್ಟರಲ್ಲಿ ಪರದೆ ಗಕ್ಕನೆ ನಿಂತು, ಇರುವೆ ಸಾಲಿನಂಥ ಗೆರೆ ಎದ್ದು, ಎಲ್ಲ ಅಳಿಸಿಹೋಗುತ್ತಿತ್ತು. ಮತ್ತೆ ಮೊದಲಿನಿಂದ ಬರೆಯಬೇಕು. ಆ ಬುಧವಾರ ಮುಂಜಾನೆ ಎಂಟರಿಂದ ಹತ್ತರೊಳಗೆ ಅದು ಹದಿನಾಲ್ಕು ಸಲ ಸತ್ತಿತು. ಮಾಸ್ತರರು ಹೊಟ್ಟೆನೋವೆಂದು ಹೈಸ್ಕೂಲಿಗೆ ಚೀಟಿ ಕಳಿಸಿದರು.

ಯಂತ್ರ ಕೆಟ್ಟರೆ ಕೆಡಲಿ, ಅವರ ಸಂಕಟ ಬೇರೆ. ಹದಿಮೂರು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಬಾದಾಮಿಯ ಮಾವನ ಮನೆಯಲ್ಲಿ ಗೊರಗೊರ ಎನ್ನುತ್ತಿದ್ದ ರೇಡಿಯೋವನ್ನು "ನಾ ಸೈನ್ಸ್ ಮಾಸ್ತರ ಅದೇನಿ" ಎಂದು ಬಿಚ್ಚಿದ್ದರು. ಆ ರೇಡಿಯೋ ಮತ್ತೆ ಬಾಯಿ ಬಿಡಲಿಲ್ಲ. ಮಾವನ ಮನೆಯವರು ಮಾತ್ರ ಬಿಟ್ಟ ಬಾಯಿ ಮುಚ್ಚಲಿಲ್ಲ. ಇವತ್ತಿಗೂ ಆ ಮನೆಯ ಮುದುಕರಿಂದ ಮಕ್ಕಳವರೆಗೆ ಎಲ್ಲರಿಗೂ ಅವರು 'ರೇಡಿಯೋ ಅಳಿಯ'. ಈಗ ಇದೂ ಕೆಟ್ಟಿತೆಂದರೆ ಸಾಯುವತನಕ ಬಾದಾಮಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

"ಅಣ್ಣ ಏನ ಕೇಳಿದ್ರೂ ನನ್ನ ಹೆಸರ ಹೇಳಬ್ಯಾಡ್ರಿ" ಎಂದಳು ಗುರುಸಿದ್ದವ್ವ. "ನಾ ಅದಕ್ಕ ಕಸಬರಿಗಿ ಸೈತ ಮುಟ್ಟಿಸಿಲ್ಲ."

ಎದುರು ಮನೆಯ ಇಂದ್ರಾಬಾಯಿಗೆ ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಗೊತ್ತಾಗುತ್ತದೆ. ಆಕೆ ಬಂದು, ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟಿಗೆ ಮನೆಮಂದಿ ಕೆಮ್ಮಿದರು. ಕಂಪ್ಯೂಟರು ಹದಿನೈದನೆಯ ಸಲ ಸತ್ತಿತು.

ಆಮೇಲೆ ರೇಡಿಯೋ ರಿಪೇರಿಯ ಅಬ್ದುಲಸಾಬ ಬಂದ. ವೈರುಗಳನ್ನು ಒಂದೊಂದಾಗಿ ಎಳೆದು ನೋಡಿ, ಪ್ಲಗ್ಗು ಕಳಚಿ ಊದಿ, "ವೋಲ್ಟೇಜ ಕಮ್ಮಿ ಐತ್ರಿ" ಎಂದ. ಅವನು ಪಡೆದ ವಿದ್ಯೆಯಲ್ಲಿ ಎಲ್ಲ ರೋಗಕ್ಕೂ ಅದೊಂದೇ ಹೆಸರು. ಈ ಗದ್ದಲ, ಕೆಮ್ಮು ಎಲ್ಲ ಕೇಳಿ ಮಗ್ಗುಲ ಮನೆಯ ನೇಕಾರ ಹುಸೇನಪೀರ ಕೈಯೊರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ.

"ಏನಾತ್ರಿ ಮಾಸ್ತರ್ರ? ಬೆಂಕಿ ಬಿತ್ತೇನು?"

ಅವನಿಗೆ ಉತ್ತರ ಹೇಳುವಷ್ಟರಲ್ಲಿ ಪರದೆಯ ಮೇಲೆ ಹತ್ತೊಂಬತ್ತೇಳಲೆ ದಾಟಿತು, ಎಂಟಲೆ ದಾಟಿತು, ಮಗ್ಗಿ ಪೂರ್ತಿ ಮುಗಿದು ಇಪ್ಪತ್ತರದು ಶುರುವಾಯಿತು. ಅಬ್ದುಲಸಾಬ ಮೀಸೆ ತಿರುವಿ ಚಹಾ ಕುಡಿದ. ಹುಸೇನಪೀರ "ಚಲೋ ಆತ್ರಿ" ಎಂದು ಮನೆಗೆ ಹೋದ. ಅವನು ಹೋಗಿ ಎರಡು ನಿಮಿಷವಾಗಿರಲಿಲ್ಲ, ಮತ್ತೆ ಇರುವೆ ಸಾಲು. ಅಬ್ದುಲಸಾಬ ಖಾಲಿ ಕಪ್ಪು ಇಟ್ಟು, ಅಂಗಡಿಯ ಬಾಗಿಲು ತೆರೆದಿಟ್ಟು ಬಂದದ್ದನ್ನು ನೆನಪಿಸಿಕೊಂಡು ಹೊರಟುಹೋದ.

ಆಗ ಇಂದ್ರಾಬಾಯಿ ಮೂಗಿನ ಮೇಲೆ ಬೆರಳಿಟ್ಟಳು. "ಮಾಸ್ತರ್ರ, ಹುಸೇನಪೀರ ಬಂದಾಗ ನಡೀತು, ಹೋದಾಗ ನಿಂತು. ಅವನ ಕೈಗುಣ ಐತ್ರಿ ಅದು!"

"ಹುಚ್ಚರಂಗ ಮಾತಾಡಬ್ಯಾಡ್ರಿ ಬಾಯಾರ" ಎಂದು ಮಾಸ್ತರರು ನಕ್ಕರು. ಆದರೂ ವಿಜ್ಞಾನದ ಮಾಸ್ತರರು. ಪ್ರಯೋಗ ಮಾಡದೆ ಯಾವುದನ್ನೂ ತಳ್ಳಿಹಾಕುವವರಲ್ಲ. ಹುಸೇನಪೀರನನ್ನು ಕರೆಸಿದರು, ನಡೆಯಿತು. ಕಳಿಸಿದರು, ನಿಂತಿತು. ಮೂರು ಸಲ ಕರೆಸಿ ಮೂರು ಸಲ ಕಳಿಸಿದರು. ಆರಕ್ಕೆ ಆರೂ ತಾಳೆಯಾಯಿತು. ಮಾಸ್ತರರು ನಗುವುದನ್ನು ಬಿಟ್ಟು, ಹುಸೇನಪೀರನ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ಆ ಕೈಯನ್ನು ಕಂಪ್ಯೂಟರಿನ ಮೇಲೆ ಇಡಿಸಿದರು.

"ಐದರತನಾ ಇಲ್ಲೇ ಕುಂದ್ರಬೇಕಪಾ. ನನ್ನ ಮಾನ ನಿನ್ನ ಕೈಯಾಗೈತಿ."

"ಹೆಂಗ ಆಕ್ಕೈತ್ರಿ? ಸಾವ್ಕಾರ್ದು ಇಪ್ಪತ್ತೊಂದ ಖಣದ ಆರ್ಡರ ಐತಿ. ಇನ್ನೂ ಐದ ನೇಯೂದೈತಿ. ಯಾರೋ ಪರಊರಿನವರು ಇವತ್ತ ಒಯ್ಯಾಕ ಬರ್ತಾರಂತ."

"ಒಂದ ದಿನಾ ತಡಾ ಆದ್ರ ಯಾರ ಪ್ರಾಣಾ ಹೊಕ್ಕೈತೋ? ರವಿಕಿ ಬಟ್ಟಿ ಅದು. ಬಂದವರು ನಾಳೆ ಬರ್ತಾರ!"

ಹುಸೇನಪೀರ ಒಳ್ಳೆಯ ಮನುಷ್ಯ. ತನ್ನ ಇಬ್ಬರು ಮಕ್ಕಳಿಗೆ ಪುಕ್ಕಟೆ ಲೆಕ್ಕ ಹೇಳಿಕೊಟ್ಟ ಮಾಸ್ತರರ ಮಾತು ಮೀರಲಾಗದೆ, ಹೆಂಡತಿ ಕಾಸಿಂಬಿಗೆ ಮಗ್ಗಕ್ಕೆ ಕೂರಲು ಕೂಗಿ ಹೇಳಿದ. ಆಕೆ ಕೂತಳು. ಹುಸೇನಪೀರನ ಕೈ ಕಂಪ್ಯೂಟರಿನ ಮೇಲಿರುವಾಗಲೇ ಅದು ಸತ್ತಿತು.

ಮಾಸ್ತರರು ಗಡಿಯಾರ ನೋಡಿದರು. ಹನ್ನೆರಡೂವರೆ. ಇಂದ್ರಾಬಾಯಿ ಮಾತ್ರ ಅಳುಕಲಿಲ್ಲ.

"ಮೈ ಇಲ್ಲೈತಿ, ಮನಸ ಅಲ್ಲೈತಿ. ಹೆಂಡ್ತಿ ಎಳಿ ಹರದಾಳು ಅಂತ ಚಿಂತಿ ಅವಂಗ. ಕಾಸಿಂಬೀನ ಏಳಸ್ರಿ, ಇವನ ಮನಸ ಹಗರಾಕ್ಕೈತಿ."

ಕಾಸಿಂಬಿಯನ್ನು ಎಬ್ಬಿಸಿದರು. ಕಂಪ್ಯೂಟರು ಮತ್ತೆ ಜೀವ ಹಿಡಿಯಿತು. ಇನ್ನು ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಹುಸೇನಪೀರನಿಗೆ ಊಟ ಸ್ಟೂಲಿನ ಮೇಲೆಯೇ ಬಂತು, ಚಹಾ ಎರಡು ಸಲ ಬಂತು. ಅವನು ಒಮ್ಮೆ ಹಿತ್ತಲಿಗೆ ಹೋಗಿಬರುವತನಕ ಮಾಸ್ತರರು ಪರದೆಯ ಮುಂದೆ ಕಾವಲು ನಿಂತಿದ್ದರು.

ಐದೂಕಾಲಿಗೆ ರಾಚಪ್ಪ ಬಂದ. ಅವನು ಚಪ್ಪಲಿ ಬಿಡುವುದಕ್ಕೂ ಪುರಸೊತ್ತು ಕೊಡದೆ ಮಾಸ್ತರರು ಪರದೆ ತೋರಿಸಿದರು. ಇಪ್ಪತ್ತೊಂಬತ್ತರ ಮಗ್ಗಿ ಸರಸರ ಇಳಿಯುತ್ತಿತ್ತು.

"ನೋಡ್ರಿ ರಾಚಪ್ಪಣ್ಣಾರ, ಕೊಟ್ಟಾಗ ಹೆಂಗಿತ್ತೋ ಹಂಗೈತಿ!" ಎನ್ನುವಾಗ ಅವರ ಕಣ್ಣು ತುಂಬಿ ಬಂದಿತ್ತು. ಹದಿಮೂರು ವರ್ಷದ ಅವಮಾನ ತೊಳೆದುಹೋಯಿತೆಂದು ಅವರಿಗೆ ಅನಿಸಿತು.

ರಾಚಪ್ಪ ಒಂದು ಕ್ಷಣ ನೋಡಿ, "ಓ, ಇದನ್ನ ಇನ್ನೂ ಇಟ್ಟೀರೇನು?" ಎಂದ. "ಹುಡುಗರು ಆಡಿ ಮುರದಿರಬೇಕು ಅಂತ ಮಾಡಿದ್ದೆ. ಅವರಿಗಂತನ ಬಿಟ್ಟಹೋಗಿದ್ದೆ. ಪುಣೆದಾಗ ಈಗ ಯಾರೂ ಇದನ್ನ ಮುಟ್ಟೂದಿಲ್ಲ. ಅದಿರಲಿ ಗುರುಸಿದ್ದಿ, ಸಿಹಿ ಸುದ್ದಿ ಕೇಳು. ಮಗಳ ನಿಶ್ಚಯ ಗೊತ್ತಾಗೈತಿ, ನಾಳೆ ಮುಂಜಾನೆ ಇಳಕಲ್ಲಿನಾಗ. ಅವಸರದಾಗ ಕೂಡಿಬಂತು. ಬೀಗತಿ ಭಾಳ ಜೋರ. ಉಡಿ ತುಂಬಾಕ ಇಪ್ಪತ್ತೊಂದೂ ಒಂದ ನಮೂನಿ ಖಣಾ ಬೇಕು, ಒಂದ ಬ್ಯಾರೆ ಆದ್ರೂ ತಾಟ ಮುಟ್ಟೂದಿಲ್ಲ ಅಂದಾಳ. ಇಲ್ಲಿ ಸಾವ್ಕಾರಗ ಹೇಳಿ ಕಳಿಸಿದ್ದೆ. ನಿಮ್ಮ ಮಗ್ಗಲ ಮನಿ ಹುಸೇನಪೀರ ನೇಯಾಕ ಹತ್ಯಾನ, ಅಲ್ಲೇ ಇಸಗೋರಿ ಅಂದ್ರು. ಮನ್ಯಾಗ ಅದಾನೇನು ಅವ?"

ಗುರುಸಿದ್ದವ್ವ ಗಂಡನನ್ನು ನೋಡಿದಳು. ಗಂಡ ಸ್ಟೂಲನ್ನು ನೋಡಿದರು.

"ನಾನ ರಿ ಹುಸೇನಪೀರ" ಎಂದು ಅವನು ಕಂಪ್ಯೂಟರಿನ ಮೇಲಿನ ಕೈಯನ್ನು ಮೆಲ್ಲಗೆ ತೆಗೆದ. "ಹದಿನಾರ ಆಗ್ಯಾವ್ರಿ. ಐದ ಉಳದಾವು. ಇವತ್ತ ಮುಗೀತಿದ್ದೂ, ಆದ್ರ ಮಾಸ್ತರು..."

"ಮಾಸ್ತರು ಏನ ಮಾಡಿದ್ರು?"

"ಮುಂಜಾನಿಂದ ಇಲ್ಲೇ ಕುಂದರ್ಸ್ಯಾರ್ರಿ."

ರಾಚಪ್ಪ ತಂಗಿಯ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ರೇಡಿಯೋ ಬರೇ ಒಂದ ಮನಿದಿತ್ರಿ, ಹೆಂಗೋ ನುಂಗಿಕೊಂಡ್ವಿ. ಇದು ಬೀಗರದೂ ಕೂಡಿ ಎರಡ ಮನಿದು" ಎಂದಷ್ಟೇ ಹೇಳಿ, ಬಸ್ಸು ಬರುವತನಕ ಒಂದಾದರೂ ಆಗಲೆಂದು ಹುಸೇನಪೀರನನ್ನು ದಬ್ಬಿಕೊಂಡು ಅವನ ಮನೆಗೆ ನಡೆದ.

ಮಾಸ್ತರರು ನಿಂತಲ್ಲೇ ನಿಂತಿದ್ದರು. ನಡುಗೋಡೆಯ ಆಚೆ ಮಗ್ಗ ಶುರುವಾಯಿತು. ಠಕ್ ಠಕ್, ಠಕ್ ಠಕ್. ಹನ್ನೆರಡು ವರ್ಷ ಆ ಮನೆಯಲ್ಲಿದ್ದು ಕಿವಿಗೆ ಬೀಳುವುದೇ ನಿಂತುಹೋಗಿದ್ದ ಸಪ್ಪಳ ಅಂದು ಮೊದಲ ಸಲ ಅವರಿಗೆ ಕೇಳಿಸಿತು. ಒಂದೊಂದು ಬಡಿತಕ್ಕೂ ಗೋಡೆ ಅದುರುತ್ತಿತ್ತು, ಗೋಡೆಯ ಹಲಗೆ ಅದುರುತ್ತಿತ್ತು, ಹಲಗೆಯ ಮೇಲಿನ ನೆನಪಿನ ಡಬ್ಬಿ ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು. ಪರದೆಯ ಮೇಲೆ ಮಗ್ಗಿ ನಿಂತು ಇರುವೆ ಸಾಲು ಎದ್ದಿತು.

ಮಾಸ್ತರರು ಕೈ ಚಾಚಿ ಡಬ್ಬಿಯನ್ನು ಒತ್ತಿ ಹಿಡಿದರು.

ಬಾಗಿಲಲ್ಲಿ ನಿಂತಿದ್ದ ಇಂದ್ರಾಬಾಯಿ ಹೆಮ್ಮೆಯಿಂದ ತಲೆಯಾಡಿಸಿದಳು.

"ನೋಡಿದ್ರೇನ್ರಿ ಮಾಸ್ತರ್ರ? ಅವ ಎದ್ದ, ಇದು ನಿಂತು. ಕೈಗುಣ ಅಂದ್ರ ನಂಬಲಿಲ್ಲಲ್ರಿ ನೀವು!"