ಒಂದು ಚಿಟಿಕೆ ಕಮ್ಮಿ ಮದ್ದು

ಕಮ್ಮಿ ಮಾಡಿದರೆ ಯಾವುದೂ ಕೆಡುವುದಿಲ್ಲ ಎಂಬುದು ನಾನು ಐವತ್ತು ವರ್ಷ ನಂಬಿಕೊಂಡು ಬಂದ ತತ್ವ. ಉಪ್ಪು ಕಮ್ಮಿ, ಎಣ್ಣೆ ಕಮ್ಮಿ, ಕಾರಿನ ವೇಗ ಕಮ್ಮಿ. ಎಪ್ಪತ್ತು ಮೈಲಿಯ ಬೋರ್ಡಿರುವ ಹೈವೇಯಲ್ಲಿ ನಾನು ಐವತ್ತೈದರಲ್ಲಿ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೆ ಅವರ ಅವಸರಕ್ಕೆ ಮರುಗುತ್ತೇನೆ. ಕಮ್ಮಿ ಮಾಡಲಾಗದೆ ಉಳಿದದ್ದು ಚಿಂತೆಯೊಂದೇ. ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂಬ ಗುಲ್ಲೆದ್ದಾಗ ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಬೇಸ್‌ಮೆಂಟಿನಲ್ಲಿ ನಲವತ್ತು ಗ್ಯಾಲನ್ ನೀರು, ನಾಲ್ಕು ಮೂಟೆ ಅಕ್ಕಿ ಕೂಡಿಟ್ಟವನು ನಾನು. ಏನೂ ಆಗಲಿಲ್ಲ. ಅಕ್ಕಿಗೆ ಹುಳ ಬಿದ್ದೀತೆಂದು ಚಿಂತಿಸುತ್ತ ಅದನ್ನು ಎರಡು ವರ್ಷ ಉಂಡೆವು.

ಇಂಥವನು ರೈಫಲ್ಲಿನ ಗುಂಡು ಎರಕ ಹೊಯ್ಯಲು ಕುಳಿತದ್ದಕ್ಕೆ ಕಾರಣ ನನ್ನ ಹೆಂಡತಿ ವತ್ಸಲಳ ಬಲಭುಜ. ಅದು ಇದ್ದಕ್ಕಿದ್ದಂತೆ ಬಿಗಿದುಕೊಂಡು, ಶೆಲ್ಫಿನ ಮೇಲಿನ ಡಬ್ಬಿಯೂ ಎಟುಕದಂತಾಗಿ, ಏಳು ತಿಂಗಳು ಫಿಸಿಯೋಥೆರಪಿ ನಡೆಯಿತು. ಆ ಏಳು ತಿಂಗಳೂ ಅಡುಗೆ ನನ್ನದು; ಆ ಅಡುಗೆಯ ರುಚಿಯ ವಿಚಾರ ಮುಂದೆ ಬರುತ್ತದೆ. ಗೋಡೆಯ ಮೇಲೆ ಬೆರಳು ಹತ್ತಿಸಿ ಹತ್ತಿಸಿ ಕೊನೆಗೊಂದು ದಿನ ಅವಳ ಕೈ ತಲೆಗಿಂತ ಮೇಲೆ ಹೋಯಿತು. ಆ ಸಂತೋಷಕ್ಕೆ, "ಏನು ಬೇಕು ಕೇಳು" ಎಂದೆ. ರೇಷ್ಮೆ ಸೀರೆ ಎನ್ನುತ್ತಾಳೆಂದುಕೊಂಡಿದ್ದೆ.

"ಒಂದ್ಸಲ ರೈಫಲ್ ಹೊಡೀಬೇಕು ಕಣ್ರೀ" ಎಂದಳು.

ಮೈಸೂರಿನಲ್ಲಿ ಕಾಲೇಜು ಓದುವಾಗ ಅವಳು ಖಾಕಿ ಹಾಕಿಕೊಂಡು ಎನ್‌ಸಿಸಿ ಕೆಡೆಟ್ ಆಗಿದ್ದವಳು. ಗುರಿ ಹೊಡೆದು ಗೆದ್ದ ಸ್ಟೀಲ್ ಲೋಟದಲ್ಲೇ ಇಪ್ಪತ್ತೆರಡು ವರ್ಷದಿಂದ ಕಾಫಿ ಕುಡಿಯುತ್ತಿರುವ ನನಗೆ ಅದು ಮರೆತೇಹೋಗಿತ್ತು. "ಈ ಕೈ ಮತ್ತೆ ನನ್ನದೇ ಅಂತ ನಂಗೆ ಗೊತ್ತಾಗ್ಬೇಕು" ಎಂದಳು. ನಾನು ಪಾಟೀಲರಿಗೆ ಫೋನ್ ಮಾಡಿದೆ.

ಪಾಟೀಲರು ಧಾರವಾಡದ ಕಡೆಯವರು, ನಮ್ಮ ಸಬ್‌ಡಿವಿಷನ್ನಿನ ಕೊನೆಯ ಮನೆಯವರು. ಕಾರು ಕಾರ್ಖಾನೆಯ ಟೂಲ್‌ರೂಮಿನಿಂದ ನಿವೃತ್ತರಾದ ಮೇಲೆ ಕೈ ಸುಮ್ಮನಿರದೆ, ಶನಿವಾರದ ಗುರಿ ಅಭ್ಯಾಸಕ್ಕೆ ಬೇಕಾದ ತೋಟಾಗಳನ್ನು ತಾವೇ ತಯಾರಿಸಿಕೊಳ್ಳುತ್ತಿದ್ದರು. "ಅಂಗಡ್ಯಾಗಿನ ತೋಟಾ ಕತ್ತಿ ಒದ್ದಂಗ ಒದೀತಾವ್ರಿ, ಆ ತಂಗಿ ಭುಜಕ್ಕ ಬ್ಯಾಡ. ನಾವ ಸೀಸದ ಗುಂಡು ಹೊಯ್ದು, ಹಗೂರ ಮದ್ದು ತುಂಬಿ ಮಾಡೋಣು. ಮೆತ್ತಗ ಹೊಕ್ಕಾವ. ಖರ್ಚೂ ಕಮ್ಮಿ" ಎಂದರು. ಕಮ್ಮಿ ಎಂಬ ಪದ ಕಿವಿಗೆ ಬಿದ್ದದ್ದೇ ನನಗೆ ಧೈರ್ಯ ಬಂತು.

ಆದರೂ ಮರುದಿನ ಅವರ ಗ್ಯಾರೇಜಿಗೆ ಹೋಗುವಾಗ ಎರಡು ಅಂಗಿ, ಬೂಟು, ಹಿಮ ಬಾಚುವ ಗ್ಲೌಸು, ಕನ್ನಡಕದ ಮೇಲೊಂದು ಕನ್ನಡಕ ಧರಿಸಿಯೇ ಹೋದೆ. ಪಾಟೀಲರು ಮೇಲಿಂದ ಕೆಳಗೆ ನೋಡಿ, "ಚಂದ್ರಲೋಕಕ್ಕ ಹೊಂಟೀರೇನ್ರಿ ಮೂರ್ತಿಯವರ?" ಎಂದರು. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು. ಟೈರ್ ಅಂಗಡಿಯಿಂದ ತಂದ, ಚಕ್ರದ ತೂಕ ಸರಿದೂಗಿಸುವ ಸೀಸದ ಚೂರುಗಳು ಪಾತ್ರೆಯಲ್ಲಿ ಕರಗಿ ಕನ್ನಡಿಯಂತೆ ಹೊಳೆಯುತ್ತಿದ್ದವು. ಅಚ್ಚು ನೋಡಲು ದೊಡ್ಡ ಅಡಕತ್ತರಿಯಂತಿತ್ತು. ಸೀಸ ಹೊಯ್ದು, ಚಣ ಬಿಟ್ಟು ಬಿಡಿಸಿದರೆ ಗುಂಡು ಟಪ್ಪೆಂದು ಹಳೆಯ ಟವೆಲ್ಲಿನ ಮೇಲೆ ಬೀಳುತ್ತಿತ್ತು. ಮೊದಲ ಹತ್ತು ಗುಂಡು ನನ್ನ ಹಣೆಯಂತೆ ಸುಕ್ಕುಸುಕ್ಕು. ನಾನು ಕಂಗಾಲಾದೆ. "ಅಚ್ಚು ಇನ್ನಾ ಕಾದಿಲ್ರಿ. ಮೊದಲ್ನೇ ದ್ವಾಸಿ ಎಂದಾರ ಚಂದ ಬಂದೈತೇನು?" ಎನ್ನುತ್ತ ಪಾಟೀಲರು ಅವನ್ನು ವಾಪಸ್ ಪಾತ್ರೆಗೇ ಹಾಕಿದರು. ಕೆಟ್ಟದ್ದನ್ನು ಕರಗಿಸಿ ಮತ್ತೆ ಹೊಯ್ಯಬಹುದು! ನನ್ನ ಹತ್ತನೇ ಕ್ಲಾಸಿನ ಹಿಂದಿ ಪರೀಕ್ಷೆಗೆ ಈ ಸೌಲಭ್ಯವಿರಲಿಲ್ಲ.

ಕೈ ತೊಳೆದು, ಸೀಸವನ್ನೆಲ್ಲ ಆಚೆಗಿಟ್ಟು, ಮದ್ದು ತೂಗುವ ಕೆಲಸಕ್ಕೆ ಕುಳಿತೆವು. ಪುಟ್ಟ ತಕ್ಕಡಿಯನ್ನೂ ಮದ್ದಿನ ಅಳತೆಯ ಪುಸ್ತಕವನ್ನೂ ನನ್ನ ಮುಂದಿಟ್ಟು ಪಾಟೀಲರು, "ಪುಸ್ತಕದಾಗ ಎಷ್ಟ್ ಬರದೈತಿ, ಅಷ್ಟ. ಕೈ ಅಳತಿ ಬ್ಯಾಡ" ಎಂದು ಹೇಳಿ, ಚಹಾ ತರಲು ಒಳಗೆ ಹೋದರು. ನಾನು ತಕ್ಕಡಿಯನ್ನು ನೋಡಿದೆ. ಏಳು ತಿಂಗಳ ಭುಜ ಕಣ್ಣ ಮುಂದೆ ಬಂತು. ಪುಸ್ತಕ ಬರೆದವನಿಗೆ ವತ್ಸಲಳ ಭುಜ ಗೊತ್ತೇ? ಪಾಟೀಲರು ಬರುವಷ್ಟರಲ್ಲಿ ಒಂದಷ್ಟು ತೋಟಾಗಳಿಗೆ ಒಂದು ಚಿಟಿಕೆ ಕಮ್ಮಿ ಮದ್ದು ಬಿದ್ದಿತ್ತು. ಪುಣ್ಯದ ಕೆಲಸ ಮಾಡಿದವನಂತೆ ಚಹಾ ಕುಡಿದೆ.

ಶನಿವಾರ ಕ್ಲಬ್ಬಿನ ರೇಂಜಿನಲ್ಲಿ ವತ್ಸಲ ಪಾಟೀಲರ ಹಳೇ ರೈಫಲ್ಲನ್ನು ಭುಜಕ್ಕಾನಿಸಿ ಕುಳಿತಳು. ಮೊದಲ ಗುಂಡು ಸರಿಯಾಗಿ ಹೋಯಿತು. ಭುಜ ನೋಯಲಿಲ್ಲವೆಂದು ತಿರುಗಿ ನಕ್ಕಳು. ಎರಡನೆಯದಕ್ಕೆ 'ಟುಸ್' ಎಂದಿತು, ದೀಪಾವಳಿಯಲ್ಲಿ ನೆನೆದ ಪಟಾಕಿಯಂತೆ. ಗುರಿಯ ಹಾಳೆಯಲ್ಲಿ ಹೊಸ ತೂತಿಲ್ಲ. "ಬಿಡು, ಇನ್ನೊಂದು ಹೊಡಿ" ಎಂದೆ ನಾನು, ಪರಮ ಜಾಗರೂಕ.

ವತ್ಸಲ ಹೊಡೆಯಲಿಲ್ಲ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಇನ್ನೊಂದು ಕೈಯೆತ್ತಿ, "ಸ್ಟಾಪ್! ಯಾರೂ ಮುಂದೆ ಬರ್ಬೇಡಿ" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳದ ದನಿ. ಪಾಟೀಲರು ಪರೀಕ್ಷಿಸಿದರು. ಗುಂಡು ಹೊರಗೆ ಹೋಗುವ ಶಕ್ತಿ ಸಾಲದೆ ನಳಿಗೆಯ ನಡುವೆಯೇ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸಿಡಿಯುತ್ತಿತ್ತು.

"ಎಷ್ಟ್ ಹಾಕಿದ್ರಿ ಮದ್ದು?" ಪಾಟೀಲರ ಮುಖದಲ್ಲಿ ನಗೆಯಿರಲಿಲ್ಲ.

ಒಪ್ಪಿಕೊಂಡೆ. ವತ್ಸಲ ನನ್ನನ್ನೇ ನೋಡಿ, "ಏಳು ತಿಂಗಳು ಸಪ್ಪೆ ಸಾರು ತಿಂದೆ, ಏನಾದ್ರೂ ಅಂದ್ನಾ? ಭುಜದ ಮೇಲೆ ಕರುಣೆ ಬಂದು ಕೈಯನ್ನೇ ತೆಗೆಸ್ತಿದ್ರಲ್ರೀ!" ಎಂದಳು. ನಂತರ ಪಾಟೀಲರ ಕಡೆ ತಿರುಗಿ, "ಮುಂದಿನ ಶನಿವಾರ ಬರ್ಬೋದಾ?" ಎಂದಳು. ಅವಳು ಬಿಟ್ಟುಬಿಡುತ್ತಾಳೆಂದು ಹೆದರಿದ್ದ ನನಗೆ ಆ ಒಂದು ಮಾತಿನಿಂದ ಉಸಿರು ಬಂತು.

"ಬರ್ರಿ ತಂಗಿ. ಅದಕ್ಕ ಮದಲ ಇವರು ಅಷ್ಟೂ ತೋಟಾ ಬಿಚ್ಚಬೇಕು. ಒಂದೊಂದ."

ಬಿಚ್ಚಿದೆ. ಒಂದು ವಾರ, ಸಂಜೆ ಸಂಜೆ, ಪಾಟೀಲರು ಎದುರಿಗೇ ಕುಳಿತಿದ್ದರು, ಚಹಾಕ್ಕೂ ಏಳದೆ. ಹೊಸದಾಗಿ ಮದ್ದು ತೂಗಿದವಳು ವತ್ಸಲ. ನನಗೆ ದಕ್ಕಿದ ಕೆಲಸ ಡಬ್ಬಿಯ ಮುಚ್ಚಳ ಹಾಕುವುದು. ಮುಂದಿನ ಶನಿವಾರ ಅವಳು ಹತ್ತು ಹೊಡೆದಳು. ಒಂಬತ್ತು ತೂತುಗಳನ್ನು ಒಂದು ಚಕ್ಕುಲಿಯಿಂದ ಮುಚ್ಚಬಹುದಿತ್ತು. ಹತ್ತನೆಯದರ ಹೊತ್ತಿಗೆ ಅವಳ ಕಣ್ಣು ತುಂಬಿ ಗುರಿ ಕಾಣಿಸಲಿಲ್ಲವಂತೆ.

ಆ ಹಾಳೆ ಈಗ ನಮ್ಮ ಫ್ರಿಜ್ಜಿನ ಮೇಲಿದೆ. ಉಪ್ಪಿನ ಡಬ್ಬಿಯೊಳಗೆ ಅಳತೆಯ ಚಮಚವೊಂದು ಬಂದು ಕುಳಿತಿದೆ. ಭಾನುವಾರ ನನ್ನ ಅಡುಗೆಯ ದಿನ ಅದರಲ್ಲಿ ಮಟ್ಟಸವಾಗಿ ತುಂಬಿ, ಒಂದೂ ಹರಳು ಕಮ್ಮಿಯಿಲ್ಲವೆಂದು ವತ್ಸಲಳಿಗೆ ತೋರಿಸಬೇಕು. ತೋರಿಸುತ್ತೇನೆ. ಅವಳು ಆ ಕಡೆ ತಿರುಗಿದ ಮೇಲೆ ಒಂದು ಚಿಟಿಕೆ ಡಬ್ಬಿಗೆ ವಾಪಸ್ ಹಾಕುತ್ತೇನೆ. ಎಷ್ಟಾದರೂ ಸಾರು ನಳಿಗೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲವಲ್ಲ.