ನಲವತ್ತಮೂರು ಪಾತ್ರೆ ಮೊಸರನ್ನ

ಆರ್ಥಿಕ ಕುಸಿತದ ಆ ವರ್ಷ ಅಮೆರಿಕದ ವಿಕ್ಸಮ್ ಊರಿನ ಕಾರು ಬಿಡಿಭಾಗಗಳ ಕಂಪನಿ ನನ್ನನ್ನು ಮನೆಗೆ ಕಳಿಸಿ ಮೂರು ತಿಂಗಳಾಗಿತ್ತು. ಹನ್ನೊಂದು ವರ್ಷ ಡೇಟಾಬೇಸ್ ಕೆಲಸದಲ್ಲಿ ಪಳಗಿದ್ದ ನಾನು ಈಗ ಪಾತ್ರೆ ತೊಳೆಯುವುದರಲ್ಲಿ ಪಳಗುತ್ತಿದ್ದೆ. ಆಗ ಕೃಷ್ಣಮೂರ್ತಿ ಅಂಕಲ್ ಫೋನ್ ಮಾಡಿದರು. ಅವರು ಎಪ್ಪತ್ತು ದಾಟಿದ ನಿವೃತ್ತ ಎಂಜಿನಿಯರ್. ನಮ್ಮ ಕನ್ನಡ ಸಂಘದ ವೆಬ್‌ಸೈಟ್ ಬರೆದವರು.

"ವೆಬ್‌ಸೈಟಿನ ಯುಗಾದಿ ಊಟದ ಪ್ರೋಗ್ರಾಂ ಸ್ವಲ್ಪ ನೋಡ್ಕೊಡ್ತೀಯೇನಪ್ಪಾ? ನಮ್ಮಕ್ಕನ ಮಗ ಪ್ರಕಾಶ ಸ್ಕೋಕಿಯಿಂದ ಡ್ರೈವ್ ಮಾಡ್ಕೊಂಡು ಬರ್ತಿದಾನೆ. ಅವನ ಕಂಪನೀಲಿ ಡೇಟಾಬೇಸ್‌ಗೆ ಒಬ್ಬರು ಬೇಕಂತೆ. ನಿನ್ನ ಕೆಲಸ ಅವನ ಕಣ್ಣಿಗೆ ಬೀಳ್ಲಿ."

ನನಗೆ ಆ ಕೆಲಸ ಬೇಕೇಬೇಕಿತ್ತು. ಪ್ರೋಗ್ರಾಂ ನೋಡಿ ನಗು ಬಂತು. ಸದಸ್ಯರು ಹೆಸರು ಟೈಪ್ ಮಾಡಿದರೆ, ಅವರ ಮನೆಯಿಂದ ಯಾವ ಅಡುಗೆ ತರಬೇಕೆಂದು ಅದು ಹೇಳುತ್ತಿತ್ತು. ಇಷ್ಟಕ್ಕೆ ಹದಿನಾಲ್ಕು ಪುಟ ಕೋಡ್! ಏನೇ ತಪ್ಪು ಟೈಪ್ ಮಾಡಿದರೂ ಬೈಯದೆ, ಕೊನೆಗೆ ಏನೂ ತೋಚದಿದ್ದರೆ "ಮೊಸರನ್ನ ತನ್ನಿ" ಎನ್ನುತ್ತಿತ್ತು.

"ಇದೇನು ಅಂಕಲ್?"

"ಬಾಗಿಲಿಗೆ ಬಂದವರನ್ನ ಬರಿಗೈಲಿ ಕಳಿಸಬಾರದು ಕಣಯ್ಯಾ."

ಎಂಥ ಅವೈಜ್ಞಾನಿಕ ಧೋರಣೆ! ನಾನು ಹದಿನಾಲ್ಕು ಪುಟವನ್ನು ಒಂದೂವರೆ ಪುಟಕ್ಕೆ ಇಳಿಸಿದೆ. ಹೆಸರು ಪಟ್ಟಿಯಲ್ಲಿದ್ದಂತೆಯೇ ಇರಬೇಕು. ಇಲ್ಲದಿದ್ದರೆ ಕೆಂಪಕ್ಷರದಲ್ಲಿ "ನಿಮ್ಮ ಕೋರಿಕೆ ಅಸಿಂಧು" ಎಂದು ಬರಬೇಕು.

"ರೀ, ನಡೀತಿರೋದನ್ನ ಯಾಕೆ ಕೆದಕ್ತೀರಾ?" ಎಂದಳು ಹೆಂಡತಿ ಸುಧಾ.

"ಇದು ತಾಂತ್ರಿಕ ವಿಷಯ," ಎಂದೆ.

ಮರುದಿನ ಬೆಳಗ್ಗೆ ಪಕ್ಕದ ಊರು ನೋವಾಯ್‌ನಿಂದ ಪದ್ಮಾ ಆಂಟಿಯ ಫೋನ್. "ಹದಿನೈದು ವರ್ಷದಿಂದ ಸಂಘದಲ್ಲಿದೀವಿ. ನಮ್ಮನೇವ್ರು ಎರಡು ಸಲ ಖಜಾಂಚಿ ಆಗಿದ್ರು. ನಾವು ಅಸಿಂಧುನಾ?"

"ಆಂಟಿ, ನೀವು ಏನಂತ ಟೈಪ್ ಮಾಡಿದ್ರಿ?"

"ರವಿ ಅಮ್ಮ ಅಂತ. ಯಾವಾಗ್ಲೂ ಹಾಗೇ ಹಾಕೋದು!"

ಮಧ್ಯಾಹ್ನದೊಳಗೆ ಹನ್ನೆರಡು ಕುಟುಂಬಗಳು ಮುನಿಸಿಕೊಂಡವು. ಮೂವರು ಊಟಕ್ಕೇ ಬರುವುದಿಲ್ಲವೆಂದರು. ನಾನು ಧೈರ್ಯಗೆಡಲಿಲ್ಲ. ಹೊಸದು ಬಂದರೂ ಹಳೆಯ ಬಳಕೆದಾರರಿಗೆ ಎಲ್ಲವೂ ಮೊದಲಿನಂತೆಯೇ ನಡೆಯಬೇಕು. ನಮ್ಮ ವೃತ್ತಿಯಲ್ಲಿ ಇದಕ್ಕೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಎಂಬ ಘನಗಂಭೀರ ಹೆಸರಿದೆ. ಕೆಂಪಕ್ಷರ ತೆಗೆದು, ತಪ್ಪು ಕೋರಿಕೆಗೆಲ್ಲ ಹಳೆಯ ಉತ್ತರವನ್ನೇ ಮರಳಿ ಹಾಕಿದೆ. ಐದೇ ನಿಮಿಷದ ಕೆಲಸ! ಫೋನುಗಳು ನಿಂತವು. ನಾನು ಗೆದ್ದೆನೆಂದು ಕಾಫಿ ಕುಡಿದೆ.

ಯುಗಾದಿ ಊಟದ ದಿನ ಮೊದಲು ಬಂದವರು ಪದ್ಮಾ ಆಂಟಿ, ಮೊಸರನ್ನದ ಜೊತೆ. ಅವರ ಹಿಂದೆ ಟ್ರಾಯ್‌ನ ಡಾಕ್ಟರ್ ದಂಪತಿ, ದಾಳಿಂಬೆ ಹಾಕಿದ ಮೊಸರನ್ನ. ಆಮೇಲೆ ದ್ರಾಕ್ಷಿಯದು, ಕ್ಯಾರೆಟ್ಟಿನದು, ಹುಬ್ಬಳ್ಳಿಯವರ ಬೆಳ್ಳುಳ್ಳಿ ಒಗ್ಗರಣೆಯದು. ನಲವತ್ತಮೂರು ಪಾತ್ರೆ! ಒಬ್ಬಟ್ಟು ಎರಡೇ ಮನೆಯಿಂದ ಬಂದಿತ್ತು. ಉಪ್ಪಿನಕಾಯಿ ಒಂದೇ ಬಾಟಲಿ.

"Dad, is this a theme?" ಎಂದಳು ನಮ್ಮ ಮಗಳು.

ಆಗ ನನಗೆ ಹೊಳೆಯಿತು. ಅಂಕಲ್ ಬರೆದ ಹದಿನಾಲ್ಕು ಪುಟ ಸುಮ್ಮನೆ ಇರಲಿಲ್ಲ. ಗಂಡನ ಹೆಸರು ಸಿಗದಿದ್ದರೆ ಹೆಂಡತಿಯದು, ಅದೂ ಸಿಗದಿದ್ದರೆ ಮಕ್ಕಳದು, ಊರಿನದು ಎಂದು ಹುಡುಕಿ ಹುಡುಕಿ ಪ್ರತಿಯೊಬ್ಬರನ್ನೂ ಅದು ಗುರುತಿಸುತ್ತಿತ್ತು. ಮೊಸರನ್ನ ಎಲ್ಲೋ ಒಬ್ಬರ ಪಾಲಿಗೆ. ನಾನು "ಮೊಸರನ್ನ ತನ್ನಿ" ಎಂಬ ಕೊನೆಯ ಸಾಲನ್ನು ಮಾತ್ರ ಉಳಿಸಿಕೊಂಡಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಪ್ರಕಾಶ್ ತಟ್ಟೆ ಹಿಡಿದು ಮೇಜಿನ ಉದ್ದಕ್ಕೂ ನಡೆದು ಬಂದರು. "ಈ ಪ್ರೋಗ್ರಾಂ ಯಾರದು, ಮಾವ?"

"ನಂದೇ ಕಣೋ," ಎಂದುಬಿಟ್ಟರು ಅಂಕಲ್. "ಹಳೇದು. ಎಲ್ಲೋ ಕೆಟ್ಟಿದೆ."

ನಾನು ಮುಂದೆ ಬಂದೆ. "ಇಲ್ಲ ಸರ್, ಅಂಕಲ್ ಬರೆದಿದ್ದು ಚೆನ್ನಾಗಿತ್ತು. ಕೆಡಿಸಿದ್ದು ನಾನು," ಎಂದು ಹದಿನಾಲ್ಕು ಪುಟದ ಕಥೆಯನ್ನೆಲ್ಲ ಹೇಳಿದೆ. ಪ್ರಕಾಶ್ ಗಮನವಿಟ್ಟು ಕೇಳಿದರು. ನಡುವೆ ಎರಡು ಸಲ ತಲೆದೂಗಿದರು. ಸುಧಾ ದೂರದಿಂದಲೇ ದೇವರಿಗೆ ಕೈಮುಗಿದುಕೊಂಡಿದ್ದಳು.

"ನಮ್ಮ ಕಂಪನೀಲೂ ಇದೇ ಗೋಳು. ಹಳೇ ಗಿರಾಕಿಗಳು ಏನೇನೋ ಕೇಳ್ತಾರೆ, ಹೊಸ ಹುಡುಗರು ಅವರನ್ನ ಓಡಿಸ್ತಾರೆ," ಎಂದರು ಪ್ರಕಾಶ್. "ಮನೆಯಿಂದಲೇ ಮಾಡೋ ಕೆಲಸ. ನನಗೆ ಬೇಕಾದವರು ಇವತ್ತು ಸಿಕ್ಕಿದ್ರು."

ಸಿಕ್ಕಿದವರು ಕೃಷ್ಣಮೂರ್ತಿ ಅಂಕಲ್!

ಅಂಕಲ್ ಒಂದೇ ಷರತ್ತು ಹಾಕಿದರು: ಸಹಾಯಕ್ಕೆ ನಾನಿರಬೇಕು. ಹೀಗೆ ನಲವತ್ತನೆಯ ವಯಸ್ಸಿಗೆ ನಾನು ಅವರ ಮನೆಯ ಊಟದ ಮೇಜಿನ ಮೂಲೆಯಲ್ಲಿ ಕಿರಿಯ ಸಹಾಯಕನಾಗಿ ಸೇರಿದೆ. ಮೊದಲ ದಿನವೇ ಅವರು ಲಿಖಿತ ಆದೇಶ ಹೊರಡಿಸಿದರು: ನಾನು ಏನು ಬೇಕಾದರೂ ಓದಬಹುದು, ಯಾವುದನ್ನೂ ಅಳಿಸುವಂತಿಲ್ಲ. ಸುಧಾ ಅದರ ಒಂದು ಪ್ರತಿಯನ್ನು ಕೇಳಿ ಪಡೆದು ನಮ್ಮ ಫ್ರಿಜ್ಜಿಗೆ ಅಂಟಿಸಿದ್ದಾಳೆ.